ಸೂತ್ರಕ್ಕೆ ಬೀಗ, ಅಂಕಿಗೆ ಬಾಗಿಲು

ಹತ್ತನೆಯ ತರಗತಿಯ ವಿಜ್ಞಾನದ ಅಂಕಪಟ್ಟಿಯೊಂದನ್ನು ಕಣ್ಣಮುಂದೆ ತಂದುಕೊಳ್ಳೋಣ. ಈಗ ಇದನ್ನು ಕಾಗದದ ಮೇಲೆ ಗೆರೆ ಎಳೆದು ಬರೆಯುವವರು ವಿರಳ. ಗಣಕಯಂತ್ರದ ಲೆಕ್ಕದ ಹಾಳೆಯಲ್ಲಿ, ಎಂದರೆ ಸ್ಪ್ರೆಡ್‌ಶೀಟಿನಲ್ಲಿಯೇ, ಅದು ಸಿದ್ಧವಾಗುವುದು. ಎಡಗಡೆಗೆ ಕ್ರಮಸಂಖ್ಯೆ ಮತ್ತು ಹೆಸರು. ಅದರ ಪಕ್ಕದಲ್ಲಿ ‘ಸಿ’ ಎಂಬ ಕಂಬಸಾಲು. ಅಲ್ಲಿ 80ಕ್ಕೆ ಲಿಖಿತ ಪರೀಕ್ಷೆಯ ಅಂಕ. ‘ಡಿ’ ಎಂಬ ಕಂಬಸಾಲಿನಲ್ಲಿ 20ಕ್ಕೆ ಆಂತರಿಕ ಮೌಲ್ಯಮಾಪನದ ಅಂಕ. ‘ಇ’ ಎಂಬ ಕಂಬಸಾಲಿನಲ್ಲಿ ಒಟ್ಟು. ಏಳನೆಯ ಅಡ್ಡಸಾಲಿನಲ್ಲಿರುವ ಹುಡುಗಿಗೆ ಲಿಖಿತದಲ್ಲಿ 52, ಆಂತರಿಕದಲ್ಲಿ 17; ಒಟ್ಟು 69 ಎಂದು ಹಾಳೆಯೇ ಕೂಡಿ ತೋರಿಸುತ್ತದೆ. ಸಂಜೆಯ ಆತುರದಲ್ಲಿ ಅಂಕ ತುಂಬುತ್ತಿದ್ದವರ ಕೈ ಒಂದು ಮನೆಯಷ್ಟು ಬಲಕ್ಕೆ ಜಾರಿತೆನ್ನಿ, ಅಥವಾ ಮನಸ್ಸಿನಲ್ಲಿಯೇ ಕೂಡಿ ನೋಡಿದ ಉತ್ಸಾಹದಲ್ಲಿ ಅವರು ಒಟ್ಟಿನ ಮನೆಯೊಳಗೆ 69 ಎಂದು ತಾವೇ ಬೆರಳಚ್ಚಿಸಿದರೆನ್ನಿ. ತೆರೆಯ ಮೇಲೆ ಏನೂ ಬದಲಾಗಲಿಲ್ಲ. ಮೊದಲೂ 69, ಈಗಲೂ 69.

ವಾರ ಕಳೆದ ಮೇಲೆ ಉತ್ತರಪತ್ರಿಕೆಯ ಮರುಎಣಿಕೆಯಾಗಿ, ಲಿಖಿತದ ಅಂಕ 52 ಅಲ್ಲ, 58 ಎಂದು ತಿಳಿಯಿತು. ಅಧ್ಯಾಪಕರು ಆ ಅಂಕಿಯನ್ನು ಸರಿಯಾದ ಮನೆಯಲ್ಲಿಯೇ ತಿದ್ದಿದರು. ಒಟ್ಟು 75 ಆಗಬೇಕಾಗಿತ್ತು. ಆಗಲಿಲ್ಲ, 69 ಆಗಿಯೇ ನಿಂತಿತು. ಉಳಿದ ಐವತ್ತು ಮಂದಿಯ ಒಟ್ಟುಗಳೆಲ್ಲ ಸರಿಯಾಗಿರುವಾಗ ಇದೊಂದನ್ನು ಮಾತ್ರ ಕೂಡಿ ನೋಡುವವರು ಯಾರು? ಆ ಹುಡುಗಿಯ ಆರು ಅಂಕಗಳು ಸದ್ದಿಲ್ಲದೆ ಮಾಯವಾದುವು.

ಆದುದೇನೆಂದರೆ, ಲೆಕ್ಕದ ಹಾಳೆಯ ಪ್ರತಿಯೊಂದು ಮನೆಗೂ ಎರಡು ಪದರಗಳುಂಟು. ಮೇಲಿನದು ನಮ್ಮ ಕಣ್ಣಿಗೆ ಕಾಣುವ ಬೆಲೆ. ಒಳಗಿನದು ಆ ಬೆಲೆ ಎಲ್ಲಿಂದ ಬಂದಿತೆಂಬುದು. ಒಟ್ಟಿನ ಮನೆಯ ಒಳಗೆ ಇದ್ದುದು 69 ಎಂಬ ಸಂಖ್ಯೆಯಲ್ಲ, ‘=ಸಿ7+ಡಿ7’ ಎಂಬ ಸೂತ್ರ. ಸಿ7, ಡಿ7 ಎಂಬ ಎರಡು ಮನೆಗಳಲ್ಲಿ ಯಾವ ಅಂಕಿ ಬಂದರೂ ಅವುಗಳ ಮೊತ್ತವನ್ನು ತೋರಿಸು ಎಂಬುದು ಅದರ ಆಜ್ಞೆ. ಸಂಖ್ಯೆಯನ್ನು ಬೆರಳಚ್ಚಿಸಿದ ಕ್ಷಣದಲ್ಲಿ ಆಜ್ಞೆ ಅಳಿದು, ಅದು ಕೊಟ್ಟಿದ್ದ ಉತ್ತರ ಮಾತ್ರ ಉಳಿಯಿತು. ಹರಿಯುತ್ತಿದ್ದ ನೀರು ಹೆಪ್ಪುಗಟ್ಟಿದಂತಾಯಿತು. ಹಿಂದಿನ ಶಾನುಭೋಗರ ಕಡತದಲ್ಲಿ ಯಾರಾದರೂ ಅಂಕಿ ತಿದ್ದಿದರೆ ಕೆರೆದ ಗುರುತೋ ಶಾಯಿಯ ಕಲೆಯೋ ಉಳಿಯುತ್ತಿತ್ತು. ಇಲ್ಲಿ ಅಂತಹ ಗುರುತು ಕಾಣದು. ಆದುದರಿಂದಲೇ ಸೂತ್ರಗಳಿರುವ ಮನೆಗಳನ್ನು ಮುಚ್ಚಿ, ಅಂಕಿ ತುಂಬುವ ಮನೆಗಳನ್ನು ಮಾತ್ರ ತೆರೆದಿಡುವ ಉಪಾಯವೊಂದು ಬೇಕಾಯಿತು.

ಹಾಳೆ ಹುಟ್ಟಿದ ಬಗೆ

ಗಣಕಯಂತ್ರದ ಲೆಕ್ಕದ ಹಾಳೆಯ ಕಲ್ಪನೆ ಡ್ಯಾನ್ ಬ್ರಿಕ್ಲಿನ್ ಎಂಬಾತನಿಗೆ ಹೊಳೆದುದು 1978ರಲ್ಲಿ, ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಆತನು ವಿದ್ಯಾರ್ಥಿಯಾಗಿದ್ದಾಗ. ಕರಿಹಲಗೆಯ ಮೇಲೆ ಸಾಲುಸಾಲಾಗಿ ಬರೆದ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ, ಅದನ್ನವಲಂಬಿಸಿದ ಉಳಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕಾಗುತ್ತಿತ್ತು. ಹಲಗೆಯೇ ಈ ಕೆಲಸವನ್ನು ಮಾಡಿದರೆ ಹೇಗೆ ಎಂಬುದು ಆತನ ಆಲೋಚನೆ. ಬಾಬ್ ಫ್ರಾಂಕ್‌ಸ್ಟನ್ ಎಂಬ ಮಿತ್ರನೊಡಗೂಡಿ ಆತನು ರಚಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಆಪಲ್ 2 ಎಂಬ ಸಣ್ಣ ಗಣಕಯಂತ್ರಕ್ಕಾಗಿ ಹೊರಬಂದಿತು. ಅದರಲ್ಲಿದ್ದುದು 254 ಅಡ್ಡಸಾಲು, 63 ಕಂಬಸಾಲು. ಇಂದಿನ ಎಕ್ಸೆಲ್ ಹಾಳೆಯಲ್ಲಿ 10,48,576 ಅಡ್ಡಸಾಲುಗಳೂ 16,384 ಕಂಬಸಾಲುಗಳೂ ಇವೆ.

1983ರಲ್ಲಿ ಬಂದ ‘ಲೋಟಸ್ 1-2-3’ ಎಂಬ ತಂತ್ರಾಂಶದಲ್ಲಿ ನಮ್ಮ ಬೀಗದ ಉಪಾಯ ಆಗಲೇ ಇದ್ದಿತು. ಅದರಲ್ಲಿ ಹಾಳೆಗೆಲ್ಲ ಒಟ್ಟಾಗಿ ಕಾವಲನ್ನು ಜಾರಿಗೊಳಿಸುವ ಆಜ್ಞೆಯೊಂದು, ಆರಿಸಿದ ಮನೆಗಳನ್ನು ಕಾವಲಿನಿಂದ ಬಿಡಿಸುವ ಆಜ್ಞೆ ಮತ್ತೊಂದು. ಬಿಡಿಸಿದ ಮನೆಗಳ ಮೇಲೆ ಮಾತ್ರ ಸೂಚಕವು ಓಡಾಡುವಂತೆ ಮಾಡುವ ಮೂರನೆಯ ಆಜ್ಞೆಯೂ ಉಂಟು. ಲೋಟಸ್ ಬಳಕೆ ತಪ್ಪಿ ಎಷ್ಟೋ ಕಾಲವಾಯಿತು. ಆದರೆ ಆ ವ್ಯವಸ್ಥೆ ಇಂದಿನ ಎಕ್ಸೆಲ್‌ನಲ್ಲಿಯೂ ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಎರಡು ಕೀಲಿಗಳ ತರ್ಕ

ಮೊದಲ ಬಾರಿಗೆ ಪ್ರಯತ್ನಿಸುವವರೆಲ್ಲರೂ ಎಡವುವ ಸ್ಥಳ ಇದು. ಹೊಸ ಹಾಳೆಯೊಂದನ್ನು ತೆರೆದು, ‘ರಿವ್ಯೂ’ ಎಂಬ ಪಟ್ಟಿಯಲ್ಲಿರುವ ‘ಪ್ರೊಟೆಕ್ಟ್ ಶೀಟ್’ ಎಂಬ ಆಜ್ಞೆಯನ್ನು ಒತ್ತಿದರೆ ಸೂತ್ರಗಳಿಗೆ ರಕ್ಷಣೆ ದೊರೆಯುವುದು ನಿಜ. ಅದರೊಡನೆ ಅಂಕಿ ತುಂಬುವ ಮನೆಗಳೂ ಮುಚ್ಚಿಹೋಗುವುವು. ಒಂದು ಅಕ್ಷರವನ್ನೂ ಬರೆಯಲಾಗದು. ಇದಕ್ಕೆ ಕಾರಣ, ಹಾಳೆಯ ಪ್ರತಿಯೊಂದು ಮನೆಗೂ ಹುಟ್ಟಿನಿಂದಲೇ ‘ಲಾಕ್ಡ್’ ಎಂಬ ಗುಣ ಅಂಟಿಕೊಂಡಿರುವುದು. ಹಾಗಾದರೆ ಮೊದಲೇ ಏಕೆ ಬರೆಯಲು ಸಾಧ್ಯವಾಗುತ್ತಿತ್ತು ಎಂದು ನೀವು ಕೇಳಬಹುದು. ಹಾಳೆಗೆ ಕಾವಲು ಜಾರಿಯಾಗುವವರೆಗೆ ಆ ಗುಣಕ್ಕೆ ಯಾವ ಬಲವೂ ಇಲ್ಲ. ಮನೆಗೆ ‘ಮುಚ್ಚು’ ಎಂಬ ಗುರುತೂ ಇರಬೇಕು, ಹಾಳೆಗೆ ಕಾವಲೂ ಇರಬೇಕು. ಎರಡೂ ಕೂಡಿದಾಗ ಮಾತ್ರ ಬೀಗ ಬೀಳುವುದು. ಎರಡರಲ್ಲಿ ಒಂದಿಲ್ಲದಿದ್ದರೂ ಮನೆ ತೆರೆದೇ ಇರುವುದು. ತರ್ಕಶಾಸ್ತ್ರದಲ್ಲಿ ‘ಮತ್ತು’ ಎಂಬ ಸಂಯೋಜಕವನ್ನು ಓದಿದವರಿಗೆ ಇದು ಪರಿಚಿತ: ನಾಲ್ಕು ಸಂದರ್ಭಗಳಲ್ಲಿ ಒಂದೇ ಒಂದು ಸತ್ಯ.

ಆದುದರಿಂದ ಕೆಲಸದ ಕ್ರಮ ನಾವು ಎಣಿಸಿದುದಕ್ಕೆ ವಿರುದ್ಧವಾದುದು. ಮೊದಲು ಬೀಗ ಹಾಕುವುದಲ್ಲ, ಮೊದಲು ತೆರೆಯುವುದು. ನಮ್ಮ ಅಂಕಪಟ್ಟಿಯಲ್ಲಿ ‘ಸಿ’ ಮತ್ತು ‘ಡಿ’ ಸಾಲುಗಳ ಅಂಕದ ಮನೆಗಳನ್ನು ಆರಿಸಿ, ‘ಫಾರ್ಮ್ಯಾಟ್ ಸೆಲ್ಸ್’ ಎಂಬ ಪೆಟ್ಟಿಗೆಯಲ್ಲಿ ‘ಪ್ರೊಟೆಕ್ಷನ್’ ಎಂಬ ಪುಟಕ್ಕೆ ಹೋಗಿ, ‘ಲಾಕ್ಡ್’ ಎಂಬುದರ ಎದುರಿನ ಗುರುತನ್ನು ತೆಗೆದುಹಾಕಬೇಕು. ಆ ಬಳಿಕ ಹಾಳೆಗೆ ಕಾವಲು. ಆಗ ಒಟ್ಟಿನ ಸಾಲಿನ ಮೇಲೆ ಯಾರು ಬೆರಳಚ್ಚಿಸಿದರೂ ಯಂತ್ರ ಎಚ್ಚರಿಕೆಯ ಮಾತನ್ನು ಹೇಳಿ ತಡೆಯುವುದು. ಅಂಕದ ಮನೆಗಳಲ್ಲಿ ಮಾತ್ರ ಬರೆಯಗೊಡುವುದು. ಕಾವಲನ್ನು ಜಾರಿಗೊಳಿಸುವಾಗ, ಮುಚ್ಚಿದ ಮನೆಗಳನ್ನು ಆರಿಸಲು ಬಿಡುವ ಅನುಮತಿಯನ್ನೂ ತೆಗೆದುಬಿಟ್ಟರೆ ಸೂಚಕವು ಅವುಗಳ ಮೇಲೆ ಕೂರುವುದೇ ಇಲ್ಲ. ಟ್ಯಾಬ್ ಕೀಲಿಯನ್ನು ಒತ್ತಿದಂತೆಲ್ಲ ಒಂದು ತೆರೆದ ಮನೆಯಿಂದ ಇನ್ನೊಂದು ತೆರೆದ ಮನೆಗೆ ಹಾರುವುದು. ಐವತ್ತು ಮಂದಿಯ ಅಂಕ ತುಂಬುವವರಿಗೆ ಇದು ರಕ್ಷಣೆ ಮಾತ್ರವಲ್ಲ, ಅನುಕೂಲವೂ ಹೌದು.

ಕೆಲವರು ಇದನ್ನು ತಿರುಗಿಸಿ ಮಾಡುವರು: ಎಲ್ಲ ಮನೆಗಳನ್ನೂ ತೆರೆದು, ಸೂತ್ರಗಳಿರುವ ಮನೆಗಳನ್ನು ಮಾತ್ರ ಹುಡುಕಿ ಮುಚ್ಚುವರು. ‘ಗೋ ಟು ಸ್ಪೆಷಲ್’ ಎಂಬ ಆಜ್ಞೆ ಹಾಳೆಯಲ್ಲಿರುವ ಸೂತ್ರಗಳನ್ನೆಲ್ಲ ಒಂದೇ ಏಟಿಗೆ ಆರಿಸಿಕೊಡುವುದರಿಂದ ಇದು ಸುಲಭ. ಆದರೆ ನನಗೆ ಈ ಪದ್ಧತಿ ಒಪ್ಪಿಗೆಯಿಲ್ಲ. ತಲೆಬರಹಗಳು, ಹೆಸರುಗಳು, ಗರಿಷ್ಠ ಅಂಕವನ್ನು ಬರೆದಿಟ್ಟ ಮನೆ, ಇವಾವುವೂ ಸೂತ್ರಗಳಲ್ಲ. ಆದರೂ ಅವು ತೆರೆದಿರುವುದು ಕ್ಷೇಮವಲ್ಲ. ಬಾಗಿಲು ಎಲ್ಲಿ ಬೇಕೋ ಅಲ್ಲಿ ಮಾತ್ರ ಇಟ್ಟು ಉಳಿದುದಕ್ಕೆ ಗೋಡೆ ಕಟ್ಟುವುದು ಮೇಲು.

ಅದೇ ಪುಟದಲ್ಲಿ ‘ಹಿಡನ್’ ಎಂಬ ಇನ್ನೊಂದು ಗುಣವುಂಟು. ಅದನ್ನು ಗುರುತಿಸಿದರೆ ಸೂತ್ರವು ಕಣ್ಣಿಗೂ ಬೀಳದು. ಅಂಕಪಟ್ಟಿಯಂತಹ ಹಾಳೆಯಲ್ಲಿ ಇದನ್ನು ಬಳಸದಿರುವುದೇ ಲೇಸು. ತನ್ನ ಅಂಕ ಹೇಗೆ ಬಂದಿತೆಂದು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆಯಷ್ಟೆ.

ಗೂಗಲ್ ಶೀಟ್ಸ್‌ನ ದಾರಿ ಸ್ವಲ್ಪ ಬೇರೆ. ಅಲ್ಲಿ ಹಾಳೆಯನ್ನು ಹಲವರು ಏಕಕಾಲದಲ್ಲಿ ದೂರದೂರದಿಂದ ತುಂಬುವುದರಿಂದ ಬೀಗಕ್ಕೆ ಗುಪ್ತಪದವಿಲ್ಲ. ಯಾವ ಭಾಗವನ್ನು ಯಾರು ತಿದ್ದಬಹುದೆಂಬ ಪಟ್ಟಿಯುಂಟು. ಇಡೀ ಹಾಳೆಯನ್ನು ಮುಚ್ಚಿ ‘ಇಷ್ಟು ಮನೆಗಳನ್ನು ಬಿಟ್ಟು’ ಎಂದು ಹೇಳುವ ಅನುಕೂಲವೂ ಇದೆ. ತಡೆಯದೆ, ಎಚ್ಚರಿಕೆಯನ್ನು ಮಾತ್ರ ಹೇಳುವ ಮೃದುವಾದ ಕಾವಲೂ ಅಲ್ಲಿ ದೊರೆಯುವುದು.

ಬೀಗವೋ ಬೇಲಿಯೋ

ಕಾವಲಿಗೆ ಗುಪ್ತಪದವನ್ನಿಟ್ಟರೆ ಹಾಳೆ ಕಳ್ಳರಿಂದಲೂ ಸುರಕ್ಷಿತವೆಂದು ಹಲವರು ನಂಬಿದ್ದಾರೆ. ಈ ನಂಬಿಕೆ ಸರಿಯಲ್ಲ. ಯಂತ್ರವು ಗುಪ್ತಪದವನ್ನು ಹಾಗೆಯೇ ಬರೆದಿಟ್ಟುಕೊಳ್ಳುವುದಿಲ್ಲ. ಅದರಿಂದ ಲೆಕ್ಕಹಾಕಿದ ಒಂದು ಮುದ್ರಾಸಂಖ್ಯೆಯನ್ನು ಇಟ್ಟುಕೊಳ್ಳುವುದು. ಪ್ರಾಥಮಿಕ ಶಾಲೆಯಲ್ಲಿ ಒಂಬತ್ತನ್ನು ಕಳೆದು ತಾಳೆ ನೋಡುವ ಪರೀಕ್ಷೆ ಕಲಿತವರಿಗೆ ಇದರ ಗುಟ್ಟು ತಿಳಿದೇ ಇದೆ. 4827ರ ಅಂಕಿಗಳನ್ನು ಕೂಡಿದರೆ 21, ಮತ್ತೆ ಕೂಡಿದರೆ 3. ಆ 3ರಿಂದ ಮೂಲಸಂಖ್ಯೆಯನ್ನು ತಿಳಿಯಲಾಗದು; ಆದರೆ 12 ಎಂದರೂ 3, 4872 ಎಂದರೂ 3. ಮುದ್ರೆಯೊಂದು ಹೊಂದಿದರೆ ಸಾಕಾದಾಗ ನಿಜವಾದ ಸಂಖ್ಯೆಯೇ ಬೇಕೆಂದಿಲ್ಲ.

ಹಳೆಯ ಎಕ್ಸೆಲ್ ಹಾಳೆಗಳ ಮುದ್ರೆ ಇದಕ್ಕಿಂತ ಜಟಿಲವಾದುದಾದರೂ ಅದಕ್ಕೆ ಮೀಸಲಾದ ಜಾಗ 16 ಬಿಟ್ಟುಗಳು ಮಾತ್ರ. ಎಂದರೆ ಸಾಧ್ಯವಿದ್ದ ಮುದ್ರೆಗಳು 65,536ನ್ನು ಮೀರವು. ಗುಪ್ತಪದ ಎಷ್ಟೇ ಉದ್ದವಾಗಿರಲಿ, ಅದೇ ಮುದ್ರೆಯನ್ನು ಕೊಡುವ ಬೇರೊಂದು ಪದವನ್ನು ಯಂತ್ರದಿಂದಲೇ ಸ್ವಲ್ಪ ಹೊತ್ತಿನಲ್ಲಿ ಹುಡುಕಿಸಬಹುದಾಗಿತ್ತು. 2013ರ ಆವೃತ್ತಿಯಲ್ಲಿ ಈ ದೋಷವನ್ನು ತಿದ್ದಿ, 512 ಬಿಟ್ಟುಗಳ ಮುದ್ರೆಯನ್ನು ತಂದು, ಅದನ್ನೂ ಒಂದು ಲಕ್ಷ ಬಾರಿ ಮರಳಿ ಮರಳಿ ಲೆಕ್ಕಹಾಕುವ ಏರ್ಪಾಡು ಮಾಡಿದರು. ಮುದ್ರೆಯೇನೋ ಗಟ್ಟಿಯಾಯಿತು. ಆದರೆ ಮನೆಗಳಲ್ಲಿರುವ ಅಂಕಿಗಳೂ ಸೂತ್ರಗಳೂ ಕಡತದೊಳಗೆ ಗೂಢಲಿಪಿಯಲ್ಲಿರದೆ ಬಯಲಾಗಿಯೇ ಇರುತ್ತವೆ. ‘ಈ ಹಾಳೆಗೆ ಕಾವಲಿದೆ’ ಎಂಬುದೂ ಅಲ್ಲಿ ಬರೆದ ಒಂದು ಸಾಲಷ್ಟೆ. ಕಡತವನ್ನು ಬಿಚ್ಚಬಲ್ಲವನು ಆ ಸಾಲನ್ನು ಅಳಿಸಿದರೆ ಬೀಗವೇ ಇಲ್ಲ. ಹಾಳೆಯ ಈ ಕಾವಲು ಗೋಪ್ಯತೆಯ ಸಾಧನವಲ್ಲವೆಂದು ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳುತ್ತದೆ. ಕಡತವನ್ನು ತೆರೆಯುವುದಕ್ಕೇ ಗುಪ್ತಪದವನ್ನಿಡುವ ಬೇರೆಯ ವಿಧಾನವುಂಟು. ಅದರಲ್ಲಿ ಇಡೀ ಕಡತವೇ ಗೂಢಲಿಪಿಗೆ ತಿರುಗುವುದು. ಆದರೆ ಅದನ್ನು ತೆರೆಯಬಲ್ಲವರ ಕೈ ಜಾರುವುದನ್ನು ಅದು ತಡೆಯದು. ನಮ್ಮ ಕಾವಲು ದನ ನುಗ್ಗದಂತೆ ಹೊಲಕ್ಕೆ ಹಾಕಿದ ಬೇಲಿ. ದಾಟಬೇಕೆಂದೇ ಬಂದವನನ್ನು ಅದು ನಿಲ್ಲಿಸಲಾರದು.

ತೆರೆದ ಬಾಗಿಲಿನಿಂದ ಬರುವ ಹಾನಿ

ಬೇಲಿ ಭದ್ರವಾಗಿದ್ದರೂ ಅನುಮತಿಯಿರುವ ಬಾಗಿಲಿನಿಂದಲೇ ಸೂತ್ರ ಕೆಡಬಹುದೆಂಬುದು ಬಹುಮಂದಿಗೆ ತಿಳಿಯದ ವಿಷಯ. ಐದನೆಯ ಸಾಲಿನ ಹುಡುಗನ ಮನೆಯಲ್ಲಿ ಆರನೆಯ ಸಾಲಿನ ಹುಡುಗನ ಅಂಕವನ್ನು ತಪ್ಪಾಗಿ ತುಂಬಿದ್ದೀರಿ. ಅದನ್ನು ಸರಿಪಡಿಸಲು ಸಿ5ರಲ್ಲಿದ್ದುದನ್ನು ‘ಕಟ್’ ಮಾಡಿ ಸಿ6ರಲ್ಲಿ ‘ಪೇಸ್ಟ್’ ಮಾಡುವಿರಿ. ಎರಡೂ ತೆರೆದ ಮನೆಗಳಾದುದರಿಂದ ಯಂತ್ರ ತಕರಾರು ಮಾಡದು. ಆದರೆ ಕತ್ತರಿಸಿ ಅಂಟಿಸುವುದೆಂದರೆ ಯಂತ್ರದ ಅರ್ಥದಲ್ಲಿ ಅಂಕಿಯನ್ನು ಸಾಗಿಸುವುದಲ್ಲ, ಮನೆಯನ್ನೇ ಸಾಗಿಸುವುದು. ಸಿ5ನ್ನು ನಂಬಿದ್ದ ಸೂತ್ರಗಳೆಲ್ಲ ಅದರ ಬೆನ್ನುಹತ್ತಿ ಸಿ6ಕ್ಕೆ ಹೋಗುವುವು. ಐದನೆಯ ಸಾಲಿನ ಒಟ್ಟು ಈಗ ‘=ಸಿ6+ಡಿ5’ ಎಂದಾಗುವುದು. ಮೊದಲಿನ ಸಿ6 ಎಂಬ ಮನೆ ಹೊಸಬನ ಕೆಳಗೆ ಹೂತುಹೋದುದರಿಂದ, ಆರನೆಯ ಸಾಲಿನ ಸೂತ್ರದಲ್ಲಿ ಅದರ ಹೆಸರಿದ್ದೆಡೆ ‘ರೆಫ್’ ಎಂಬ ದೋಷಸೂಚನೆ ಬಂದು ಕೂರುವುದು. ಬೀಗ ಹಾಕಿದ್ದ ಮನೆಗಳೊಳಗಿನ ಸೂತ್ರಗಳೇ ಹೀಗೆ ಬದಲಾಗಿಬಿಟ್ಟುವು. ಬೀಗವಿರುವುದರಿಂದ ಅವನ್ನು ತಿದ್ದಲೂ ಬಾರದು!

ಆರನೆಯ ಸಾಲಿನ ದೋಷ ಕಣ್ಣಿಗೆ ಹೊಡೆಯುವುದು, ಯಾರಾದರೂ ವಿಚಾರಿಸುವರು. ಅಪಾಯವಿರುವುದು ಐದನೆಯ ಸಾಲಿನಲ್ಲಿ. ಅಲ್ಲಿ ಈಗ ಸರಿಯಾದ ಅಂಕವನ್ನು ಮತ್ತೆ ತುಂಬಿದರೂ ಒಟ್ಟು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದು. ಪಕ್ಕದವನ ಲಿಖಿತದ ಅಂಕಕ್ಕೆ ಇವನ ಆಂತರಿಕ ಅಂಕವನ್ನು ಕೂಡಿ, ನಂಬಲರ್ಹವಾದ ಯಾವುದೋ ಒಂದು ಸಂಖ್ಯೆಯನ್ನು ತೋರಿಸುತ್ತಿರುವುದು.

ಕತ್ತರಿಸಿ ಅಂಟಿಸುವುದು ಎಷ್ಟು ದುಬಾರಿಯಾಗಬಹುದೆಂಬುದನ್ನು ಕೆನಡಾ ದೇಶದ ಟ್ರಾನ್ಸ್‌ಆಲ್ಟಾ ಎಂಬ ವಿದ್ಯುತ್ ಸಂಸ್ಥೆ 2003ರಲ್ಲಿ ಕಂಡಿತು. ನ್ಯೂಯಾರ್ಕಿನ ವಿದ್ಯುತ್ ಸಾಗಣೆಯ ಒಪ್ಪಂದಗಳಿಗಾಗಿ ಅದು ಸಿದ್ಧಪಡಿಸಿದ ಹಾಳೆಯಲ್ಲಿ ಇಂತಹ ಒಂದು ಕೈತಪ್ಪಿನಿಂದ ಸಾಲುಗಳು ಹೊಂದಿಕೆ ತಪ್ಪಿ, ಬೆಲೆಗಳು ತಮ್ಮವಲ್ಲದ ಒಪ್ಪಂದಗಳ ಎದುರು ಬಂದುವು. ನಷ್ಟ 2 ಕೋಟಿ 40 ಲಕ್ಷ ಡಾಲರು.

ನಕಲು ಮಾಡಿ ಅಂಟಿಸಿದರೆ ಸೂತ್ರಗಳು ಹೀಗೆ ಅಲೆಯವು. ಆದರೆ ಅಲ್ಲಿಯೂ ಒಂದು ತೊಡಕುಂಟು. ಮನೆಯ ಅಂಕಿಯೊಡನೆ ಅದರ ಗುಣಗಳೂ ಬರುವುದರಿಂದ, ಬೀಗದ ಗುಣವುಳ್ಳ ಮನೆಯನ್ನು ನಕಲು ಮಾಡಿ ತೆರೆದ ಮನೆಯಲ್ಲಿ ಅಂಟಿಸಿದರೆ ಆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು. ಬೆಲೆಯನ್ನು ಮಾತ್ರ ಅಂಟಿಸುವ ಆಜ್ಞೆ ಬೇರೆಯಾಗಿಯೇ ಇದೆ. ಅಂಕ ತುಂಬುವವರಿಗೆ ಅದೊಂದನ್ನೇ ಕಲಿಸಿಕೊಡುವುದು ಯುಕ್ತ.

ಇನ್ನೂ ಗಟ್ಟಿಯಾದ ಉಪಾಯವೆಂದರೆ ಸೂತ್ರವನ್ನೇ ಬೇರೆ ರೀತಿಯಲ್ಲಿ ಬರೆಯುವುದು. ‘=ಸಿ5+ಡಿ5’ ಎಂಬುದರ ಬದಲು ‘=ಇಂಡೆಕ್ಸ್(ಸಿ:ಸಿ,ರೋ())+ಇಂಡೆಕ್ಸ್(ಡಿ:ಡಿ,ರೋ())’ ಎಂದು ಬರೆದರೆ, ಅದರ ಅರ್ಥ ‘ಸಿ ಎಂಬ ಇಡೀ ಕಂಬಸಾಲಿನಲ್ಲಿ ನಾನಿರುವ ಅಡ್ಡಸಾಲಿನ ಮನೆ’ ಎಂದಾಗುವುದು. ಮನೆಯ ಹೆಸರನ್ನೇ ಹೇಳದೆ ಅದರ ಸ್ಥಾನವನ್ನು ಮಾತ್ರ ಹೇಳಿದುದರಿಂದ, ಕಂಬಸಾಲಿನೊಳಗೆ ಯಾವ ಮನೆ ಎಲ್ಲಿಗೆ ಸಾಗಿದರೂ ಸೂತ್ರ ತನ್ನ ಜಾಗದಲ್ಲಿಯೇ ನೆಟ್ಟ ನೋಟದಿಂದ ನೋಡುತ್ತಿರುವುದು. ಓದಲು ಸ್ವಲ್ಪ ತೊಡಕೆಂಬುದು ನಿಜ. ಹತ್ತಾರು ಕೈಗಳು ಆಡುವ ಹಾಳೆಗೆ ಈ ತೊಡಕನ್ನು ಸಹಿಸಬಹುದು.

ಬಾಗಿಲಿನಲ್ಲಿ ಬರುವ ಅಂಕಿಯನ್ನು ಪರೀಕ್ಷಿಸುವ ದ್ವಾರಪಾಲಕನೂ ಇದ್ದಾನೆ. ‘ಡೇಟಾ ವ್ಯಾಲಿಡೇಷನ್’ ಎಂಬ ಆಜ್ಞೆಯಿಂದ ‘ಸಿ’ ಸಾಲಿನಲ್ಲಿ ಸೊನ್ನೆಯಿಂದ 80ರವರೆಗಿನ ಪೂರ್ಣಾಂಕಗಳು ಮಾತ್ರ ಬರುವಂತೆ ಕಟ್ಟುಮಾಡಬಹುದು. 58ರ ಬದಲು 85 ಎಂದು ತಿರುವುಮುರುವಾಗಿ ಬೆರಳಚ್ಚಿಸಿದರೆ ಆತ ತಡೆಯುವನು. 48ರ ಬದಲು 58 ಎಂದರೆ ಪಾಪ, ಆತನಿಗೇನು ಗೊತ್ತು? ಬೆರಳಚ್ಚಿಸಿದ ಅಂಕಿಗಳನ್ನು ಮಾತ್ರ ಆತ ತಡೆದು ನೋಡುವನೆಂಬುದೂ ನೆನಪಿರಲಿ. ಅಂಟಿಸಿದ ಅಂಕಿಗಳು ಆತನ ಕಣ್ಣುತಪ್ಪಿಸಿ ಒಳಹೊಗುವುವು.

ಬೀಗ ಕಾಪಾಡಲಾರದ ತಪ್ಪು

ಕೆನ್ನೆತ್ ರೋಗಾಫ್ ಮತ್ತು ಕಾರ್ಮೆನ್ ರೈನ್‌ಹಾರ್ಟ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ರಾಷ್ಟ್ರದ ಸಾಲವು ವಾರ್ಷಿಕ ಉತ್ಪನ್ನದ ಶೇಕಡ 90ನ್ನು ಮೀರಿದಾಗ ಅದರ ಬೆಳವಣಿಗೆ ಬಹಳ ಕುಗ್ಗುವುದೆಂದು ಹೇಳಿತು. ಹಲವು ದೇಶಗಳ ರಾಜಕಾರಣದಲ್ಲಿ ಈ ಮಾತು ಪ್ರತಿಧ್ವನಿಸಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಹಾಳೆಯನ್ನೇ ತರಿಸಿಕೊಂಡು ನೋಡಿದಾಗ, ಸರಾಸರಿಯ ಸೂತ್ರವು 30ರಿಂದ 49ರವರೆಗಿನ ಸಾಲುಗಳನ್ನು ತೆಗೆದುಕೊಳ್ಳಬೇಕಾದಲ್ಲಿ 44ಕ್ಕೇ ನಿಂತುಬಿಟ್ಟಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ದೇಶಗಳು ಲೆಕ್ಕಕ್ಕೇ ಬಂದಿರಲಿಲ್ಲ. ಆತನು ತನ್ನ ಇಬ್ಬರು ಅಧ್ಯಾಪಕರೊಡನೆ ಮಾಡಿದ ಮರುಲೆಕ್ಕದಲ್ಲಿ ಸೊನ್ನೆಗಿಂತ ಶೇಕಡ 0.1ರಷ್ಟು ಕೆಳಗಿದ್ದ ಬೆಳವಣಿಗೆ 2.2ಕ್ಕೆ ಏರಿತು. ಈ ಅಂತರದ ಹೆಚ್ಚಿನ ಪಾಲು ಸೂತ್ರದ ತಪ್ಪಿನಿಂದಲ್ಲ, ಅಂಕಿಅಂಶಗಳ ಆಯ್ಕೆಯಿಂದಲೂ ಅವುಗಳಿಗೆ ಕೊಟ್ಟ ತೂಕದಿಂದಲೂ ಬಂದುದೆಂಬುದನ್ನು ಹೇಳಲೇಬೇಕು. ಆದರೆ ಬೀಗದ ವಿಷಯದಲ್ಲಿ ಈ ಪ್ರಸಂಗ ತೋರುವುದು ಬೇರೆ: ಆ ಸೂತ್ರಕ್ಕೆ ಬೀಗ ಹಾಕಿದ್ದರೆ ತಪ್ಪೇ ಇನ್ನಷ್ಟು ಭದ್ರವಾಗುತ್ತಿತ್ತು. ಹಾಳೆಯನ್ನು ಬೇರೊಬ್ಬರಿಗೆ ತೆರೆದು ತೋರಿಸಿದುದರಿಂದ ಅದು ಹೊರಬಿದ್ದಿತು.

ಆದುದರಿಂದ ಬೀಗದೊಡನೆ ತಾಳೆಯ ಮನೆಯೊಂದನ್ನೂ ಇಡುವುದು ಒಳ್ಳೆಯದು. ಹಳೆಯ ಲೆಕ್ಕಿಗರು ಅಡ್ಡಕ್ಕೆ ಕೂಡಿದುದನ್ನೂ ಉದ್ದಕ್ಕೆ ಕೂಡಿದುದನ್ನೂ ಹೋಲಿಸುತ್ತಿದ್ದಂತೆ, ‘ಸಿ’ ಸಾಲಿನ ಮೊತ್ತಕ್ಕೆ ‘ಡಿ’ ಸಾಲಿನ ಮೊತ್ತವನ್ನು ಕೂಡಿ ‘ಇ’ ಸಾಲಿನ ಮೊತ್ತವನ್ನು ಕಳೆದರೆ ಸೊನ್ನೆ ಬರಬೇಕು. ಮೊದಲು ಹೇಳಿದ ಹುಡುಗಿಯ ಅಂಕಪಟ್ಟಿಯಲ್ಲಿ ಇಂತಹ ಮನೆ ಇದ್ದಿದ್ದರೆ ಅಲ್ಲಿ 6 ಎಂದು ಕಾಣುತ್ತಿತ್ತು. ಆದರೆ ಮರುಎಣಿಕೆಯಾಗುವವರೆಗೆ ಅದು ಸೊನ್ನೆಯನ್ನೇ ತೋರಿಸುತ್ತಿದ್ದಿತು, ಏಕೆಂದರೆ ಅಲ್ಲಿಯವರೆಗೆ ಅಳಿದ ಸೂತ್ರದ ಉತ್ತರವೂ ಬೆರಳಚ್ಚಿಸಿದ ಸಂಖ್ಯೆಯೂ ಒಂದೇ. ಅಳಿದ ಕ್ಷಣದಲ್ಲಿಯೇ ತಿಳಿಯಬೇಕಾದರೆ ‘ಈಸ್‌ಫಾರ್ಮುಲಾ’ ಎಂಬ ಪ್ರಶ್ನೆಯನ್ನು ಬಳಸಬೇಕು. ಮನೆಯೊಳಗೆ ಇರುವುದು ಸೂತ್ರವೋ ಅಲ್ಲವೋ ಎಂಬುದನ್ನು ಅದು ಹೇಳುವುದು. ಸೂತ್ರ ಕಳೆದುಕೊಂಡ ಮನೆ ತಾನಾಗಿ ಕೆಂಪಗಾಗುವಂತೆ ಏರ್ಪಡಿಸಬಹುದು. 2013ಕ್ಕೆ ಮುಂಚಿನ ಎಕ್ಸೆಲ್‌ನಲ್ಲಿ ಇದು ಇರಲಿಲ್ಲ.

ಕಾವಲಿರುವ ಹಾಳೆಯಲ್ಲಿ ಹೊಸ ಸಾಲನ್ನು ಸೇರಿಸಲು ವಿಶೇಷ ಅನುಮತಿ ಬೇಕು. ಮುಚ್ಚಿದ ಮನೆಗಳಿರುವ ಭಾಗವನ್ನು ಅಕಾರಾದಿಯಾಗಿ ಜೋಡಿಸಲು ಅನುಮತಿಯಿದ್ದರೂ ಆಗದು. ವರ್ಷದ ನಡುವೆ ಹೊಸ ವಿದ್ಯಾರ್ಥಿ ಬಂದು ಸೇರಿದನೆಂದರೆ ಅವನಿಗೆ ಹಾಳೆಯಲ್ಲಿ ಜಾಗವಿಲ್ಲ. ಹೀಗಾಗಿ ಕೊನೆಯಲ್ಲಿ ಹತ್ತು ಹದಿನೈದು ಸಾಲುಗಳನ್ನು ಸೂತ್ರಸಹಿತವಾಗಿ ಮೊದಲೇ ಸಿದ್ಧಪಡಿಸಿ, ಅವುಗಳ ಹೆಸರಿನ ಮನೆಗಳನ್ನೂ ತೆರೆದಿಟ್ಟಿರಬೇಕು. ಸೂತ್ರವು ಅಂಕ ಬಾರದವರೆಗೆ ಖಾಲಿಯಾಗಿ ಕಾಣುವಂತೆ ಅದಕ್ಕೊಂದು ಷರತ್ತನ್ನು ಸೇರಿಸಿದರಾಯಿತು.

ಗುಪ್ತಪದವನ್ನು ಒಬ್ಬರೇ ನೆನಪಿನಲ್ಲಿಟ್ಟುಕೊಂಡು, ಅವರಿಗೆ ವರ್ಗವಾಗಿ ಬೇರೂರಿಗೆ ಹೋದರೆ ಹಾಳೆ ಅನಾಥವಾಗುವುದು. ಎಕ್ಸೆಲ್‌ನಲ್ಲಿ ಗುಪ್ತಪದವಿಲ್ಲದೆಯೂ ಕಾವಲನ್ನು ಜಾರಿಗೊಳಿಸಬಹುದು; ಕೈಜಾರಿಕೆಯೊಂದೇ ಶತ್ರುವಾಗಿರುವಲ್ಲಿ ಅಷ್ಟೇ ಸಾಕು. ಹಾಳೆಯನ್ನು ಇತರರಿಗೆ ಕೊಡುವ ಮೊದಲು ಒಂದು ಸಾಲಿನಲ್ಲಿ 80 ಮತ್ತು 20, ಇನ್ನೊಂದರಲ್ಲಿ ಎರಡು ಸೊನ್ನೆ, ಮತ್ತೊಂದರಲ್ಲಿ 81 ತುಂಬಿ ನೋಡಬೇಕು. ಒಟ್ಟಿನ ಮನೆಯ ಮೇಲೆ ಬೇಕೆಂದೇ ಬರೆಯಲು ಹೋಗಬೇಕು. ಒಂದು ಅಂಕವನ್ನು ಕತ್ತರಿಸಿ ಬೇರೆ ಸಾಲಿನಲ್ಲಿ ಅಂಟಿಸಿ, ಎರಡೂ ಸಾಲುಗಳ ಒಟ್ಟು ಏನಾಯಿತೆಂದು ನೋಡಬೇಕು. ಇದೆಲ್ಲವನ್ನೂ ಹಾಳೆಯ ಪ್ರತಿಯೊಂದರ ಮೇಲೆ ಮಾಡಬೇಕು, ಮೂಲದ ಮೇಲಲ್ಲ. ಸೂತ್ರವನ್ನು ತಿದ್ದಲು ಕಾವಲನ್ನು ತೆಗೆದಿದ್ದರೆ ಕೆಲಸ ಮುಗಿದೊಡನೆ ಮತ್ತೆ ಜಾರಿಗೊಳಿಸಬೇಕು. ಯಂತ್ರವು ಅದನ್ನು ತಾನಾಗಿ ಮಾಡುವುದಿಲ್ಲ.